ಎಂಬತ್ತು ರಾತ್ರಿಯ ಗಿಟಾರ್, ಇಪ್ಪತ್ತು ರಾತ್ರಿಯ ಗಿಟಾರ್

ಅವರು ಗಿಟಾರ್ ರಿಪೇರಿ ಮಾಡುವ ನನ್ನ ಕೆಲಸದ ಬೆಂಚಿನ ಎದುರು ಕುಳಿತು ಮೊದಲು ಬಿಚ್ಚಿದ್ದು ಒಂದು ಲೆಕ್ಕ. ಮಲೆನಾಡಿನ ಕಡೆಯ ರಸಮಂಜರಿ ತಂಡವೊಂದರಲ್ಲಿ ಹನ್ನೊಂದು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದಾರೆ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಕೈಗೆ ಬರುವುದು 2,500 ರೂಪಾಯಿ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಪುರುಸೊತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳು, ಆಷಾಢ ಬಂತೆಂದರೆ ಮನೆಯಲ್ಲೇ. ಅಮೆರಿಕದಲ್ಲಿ ತಯಾರಾದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿಗೆ ಅಂಗಡಿಯವರು ಹೇಳಿದ್ದು 2 ಲಕ್ಷದ ಆಸುಪಾಸು, ಅಂದರೆ ಎಂಬತ್ತು ರಾತ್ರಿಗಳ ದುಡಿಮೆ. ಅದೇ ಆಕಾರದ, ಅದೇ ಕಂಪನಿಯ ಅಗ್ಗದ ಸಾಲಿನ ಸ್ಕ್ವಯರ್ ಕ್ಲಾಸಿಕ್ ವೈಬಿಗೆ 49,000. ಸುಮಾರು ಇಪ್ಪತ್ತು ರಾತ್ರಿ. ಬ್ಯಾಂಕಿನಲ್ಲಿ 2,10,000 ಇತ್ತು. ನಾಲ್ಕು ವರ್ಷ ಕೂಡಿಟ್ಟ ಹಣ.

ಎರಡರಲ್ಲಿ ಯಾವುದು ಚೆನ್ನಾಗಿದೆ ಎಂದು ಅವರು ಕೇಳಲಿಲ್ಲ. "ಸ್ಕ್ವಯರ್ ತೆಗೆದುಕೊಂಡರೆ ಡೂಪ್ಲಿಕೇಟ್ ಹಿಡಿದು ವೇದಿಕೆಯ ಮೇಲೆ ನಿಂತ ಹಾಗಾಗುತ್ತದೆಯೇ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಾದ್ಯ ನುಡಿಸಿ ಅನ್ನ ತಿನ್ನುವವರಿಗೆ ತಮ್ಮ ಕೈಯಲ್ಲಿರುವ ವಾದ್ಯದ ಬಗ್ಗೆ ಮರ್ಯಾದೆ ಇರಬೇಕು. ಇಲ್ಲದಿದ್ದರೆ ಆ ಕೊರತೆ ಬೆರಳಿಗೆ ಇಳಿಯುತ್ತದೆ.

ಮೊದಲು ಮಾತನ್ನು ಸರಿಪಡಿಸಬೇಕಿತ್ತು. ಡೂಪ್ಲಿಕೇಟ್ ಎಂದರೆ ಬೇರೆಯವರ ಹೆಸರು ಅಂಟಿಸಿ ಮೋಸದಿಂದ ಮಾರುವ ವಸ್ತು. ಫೆಂಡರ್ ಎಂದು ತಲೆಯ ಮೇಲೆ ಸುಳ್ಳು ಹೆಸರು ಹೊತ್ತು ಬರುವ ಗಿಟಾರುಗಳೂ ಇವೆ, ಅವುಗಳಿಂದ ದೂರ ಇರಬೇಕು. ಸ್ಕ್ವಯರ್ ಆ ಜಾತಿಯದಲ್ಲ. ಅದು ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ತಂತಿ ತಯಾರಿಸುತ್ತಿದ್ದ ಹಳೆಯ ಸಂಸ್ಥೆಯೊಂದರ ಹೆಸರು. 1965ರಲ್ಲಿ ಫೆಂಡರ್ ಆ ಸಂಸ್ಥೆಯನ್ನು ಕೊಂಡುಕೊಂಡಿತು, ಆಮೇಲೆ ಹೆಸರು ಬಹುಕಾಲ ಮೂಲೆಯಲ್ಲಿತ್ತು. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಸ್ಟ್ರಾಟೋಕ್ಯಾಸ್ಟರಿನ ಪ್ರತಿಗಳನ್ನು ಎಷ್ಟು ಚೆನ್ನಾಗಿ ಮತ್ತು ಎಷ್ಟು ಅಗ್ಗವಾಗಿ ತಯಾರಿಸತೊಡಗಿದವೆಂದರೆ, ಮೂಲ ಕಂಪನಿಯೇ ಯೋಚಿಸಬೇಕಾಯಿತು. 1982ರಲ್ಲಿ ಫೆಂಡರ್ ಕಾಂಡಾ ಶೋಕಾಯ್ ಮತ್ತು ಯಾಮಾನೊ ಗಕ್ಕಿ ಎಂಬ ಎರಡು ಜಪಾನಿ ಸಂಸ್ಥೆಗಳ ಜೊತೆ ಸೇರಿ ಫೆಂಡರ್ ಜಪಾನ್ ಕಟ್ಟಿತು. ಮಾತ್ಸುಮೊಟೊ ನಗರದ ಫುಜಿಗೆನ್ ಕಾರ್ಖಾನೆಯಲ್ಲಿ ತನ್ನದೇ ಹಳೆಯ ಮಾದರಿಗಳನ್ನು ಮತ್ತೆ ಮಾಡಿಸಿತು. ಸ್ಕ್ವಯರ್ ಎಂಬ ಹೆಸರು ಗಿಟಾರಿನ ತಲೆಯ ಮೇಲೆ ಬಂದದ್ದು ಹಾಗೆ. 'ಜೆವಿ' ಎಂದು ಕ್ರಮಸಂಖ್ಯೆ ಶುರುವಾಗುವ ಆ ಮೊದಲ ವರ್ಷಗಳ ಸ್ಕ್ವಯರುಗಳನ್ನು ಸಂಗ್ರಾಹಕರು ಈಗ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ, ಈ ಪ್ರಕರಣದಲ್ಲಿ ನನ್ನ ಅಭಿಪ್ರಾಯ ನಿಂತಿರುವುದೇ ಅದರ ಮೇಲೆ. ಲಿಯೊ ಫೆಂಡರ್ ವಾದ್ಯ ಕೆತ್ತುವ ಮನೆತನದವರಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ರಿಪೇರಿ ಮಾಡುವವನ ಕಣ್ಣಿನಿಂದಲೇ ಅವರು ಗಿಟಾರನ್ನು ನೋಡಿದರು. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರಿನ ಒಡಲು ಒಳಗೆ ಟೊಳ್ಳಿಲ್ಲದ ಗಟ್ಟಿ ಹಲಗೆ. ಕುತ್ತಿಗೆಯನ್ನು ಅಂಟು ಹಾಕಿ ಕೂಡಿಸಿಲ್ಲ, ನಾಲ್ಕು ತಿರುಪುಮೊಳೆಗಳಲ್ಲಿ ಬಿಗಿದಿದ್ದಾರೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳು, ಸ್ವಿಚ್ಚು, ಒಳಗಿನ ವೈರುಗಳ ಜಾಲ ಎಲ್ಲವೂ ಒಂದೇ ಪ್ಲಾಸ್ಟಿಕ್ ಫಲಕಕ್ಕೆ ತೂಗಿಕೊಂಡಿವೆ, ಫಲಕ ಎತ್ತಿದರೆ ಎಲ್ಲವೂ ಕೈಗೆ ಬರುತ್ತದೆ. ಕುತ್ತಿಗೆ ಕೆಟ್ಟರೆ ಇನ್ನೊಂದು ಕುತ್ತಿಗೆ ಹಾಕಿದರಾಯಿತು. ಸ್ವರ ಅಲುಗಿಸುವ ಟ್ರೆಮೊಲೊ ಹಿಡಿಯ ಸಹಿತ ಅದರ ಅಂದಿನ ಬೆಲೆ 249.50 ಡಾಲರ್, ಆ ಕಾಲಕ್ಕೆ ಅದೂ ಸಣ್ಣ ಮೊತ್ತವಲ್ಲ. ಆದರೆ ವಿನ್ಯಾಸ ಮಾತ್ರ ಮೊದಲ ದಿನದಿಂದಲೂ ಕಾರ್ಖಾನೆಯ ಸಾಲಿನಲ್ಲಿ, ಸಾಮಾನ್ಯ ಕೆಲಸಗಾರರ ಕೈಯಲ್ಲಿ ಒಂದೇ ರೀತಿ ತಯಾರಾಗಲಿ ಎಂದು ಮಾಡಿದ್ದು. ಕಮಾನು ಮೈಯ, ಕೈಯಲ್ಲಿ ಕೆತ್ತಿದ ವಾದ್ಯವೊಂದರ ಅಗ್ಗದ ಪ್ರತಿ ಮಾಡಲು ಹೋದರೆ ಬಹಳಷ್ಟು ಕಳೆದುಹೋಗುತ್ತದೆ. ಸ್ಟ್ರಾಟೋಕ್ಯಾಸ್ಟರನ್ನು ಪ್ರತಿ ಮಾಡಿದರೆ ಅಷ್ಟು ಕಳೆದುಹೋಗುವುದಿಲ್ಲ, ಯಾಕೆಂದರೆ ಮೂಲದಲ್ಲೇ ಅದು ಪುನಃ ಪುನಃ ತಯಾರಾಗಲೆಂದು ಹುಟ್ಟಿದ ವಸ್ತು.

ಮಾತಿನಲ್ಲಿ ಇದನ್ನು ಯಾರನ್ನೂ ಒಪ್ಪಿಸಲಾಗದು, ಕೈಗೆ ಕೊಟ್ಟು ತೋರಿಸಬೇಕು. ನನ್ನ ಗಿರಾಕಿಯೊಬ್ಬರ ಅಮೆರಿಕನ್ ಪ್ರೊಫೆಷನಲ್ 2 ಸ್ಟ್ರಾಟೋಕ್ಯಾಸ್ಟರ್ ಅದೇ ವಾರ ತಂತಿ ಬದಲಾವಣೆಗೆ ಬಂದಿತ್ತು. ಅವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ, ಸಂತೋಷದಿಂದ ಕೊಟ್ಟರು. ಕ್ಲಾಸಿಕ್ ವೈಬ್ ಒಂದನ್ನು ಪರಿಚಯದ ಅಂಗಡಿಯಿಂದ ಎರಡು ದಿನಕ್ಕೆ ತಂದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳುವುದೆಂದು ಮಾತಾಯಿತು.

ಹೋಲಿಕೆಗೆ ಮುನ್ನ ಎರಡನ್ನೂ ಒಂದೇ ಸ್ಥಿತಿಗೆ ತಂದೆ. ಅಂಗಡಿಯ ಗೋಡೆಯಿಂದ ಇಳಿಸಿಕೊಂಡು ನುಡಿಸಿ ತೀರ್ಮಾನಿಸುವವರು ಎಡವುವುದು ಇಲ್ಲೇ. ವೀಣೆ ಕೊಳ್ಳುವವರು ಹಲಸಿನ ಮರ ಎಲ್ಲಿಯದು ಎಂದು ಕೇಳುವ ಹಾಗೆಯೇ ಮೇಳ ಕಟ್ಟಿದವರು ಯಾರು ಎಂದೂ ಕೇಳುತ್ತಾರೆ. ಮೇಣದ ಮೇಲೆ ಮೆಟ್ಟಿಲು ಕೂರಿಸಿದ ಕೈ ಸರಿಯಿಲ್ಲದಿದ್ದರೆ ಎಂಥ ಮರವಿದ್ದರೂ ಶ್ರುತಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಗಿಟಾರಿಗೂ ಅದೇ ಮಾತು. ಎರಡಕ್ಕೂ ಒಂದೇ ಗಾತ್ರದ ಹೊಸ ತಂತಿ ಹಾಕಿದೆ. ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ, 8ನೇ ಫ್ರೆಟ್ಟಿನ (ಬೆರಳುಹಲಗೆಯ ಮೇಲಿನ ಲೋಹದ ಮೆಟ್ಟಿಲು) ಬಳಿ ಬಾಗು ಕಾಲು ಮಿಲಿಮೀಟರಿಗೆ ತಂದೆ. 17ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ 1.6 ಮಿಲಿಮೀಟರ್. ಎರಡರಲ್ಲೂ ತಂತಿಯ ಲೆಕ್ಕದ ಉದ್ದ 648 ಮಿಲಿಮೀಟರ್, ಹಾಗಾಗಿ 12ನೇ ಫ್ರೆಟ್ಟು 324ರಲ್ಲಿ. ಅಲ್ಲಿ ಒತ್ತಿ ನುಡಿಸಿದ ಸ್ವರವೂ ಅದೇ ಜಾಗದಲ್ಲಿ ಬೆರಳು ತಾಗಿಸಿ ಎತ್ತಿದ ತಂತಿಯ ಮೇಲ್ಸ್ವರವೂ ಒಂದಾಗುವ ತನಕ ಕುದುರೆಯ ಮೇಲಿನ ಸಣ್ಣ ತುಂಡುಗಳನ್ನು ಹಿಂದೆ ಮುಂದೆ ಸರಿಸಿದೆ. ಪಿಕಪ್‌ಗಳ ಎತ್ತರ ಹೊಂದಿಸಿ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದೆ. ಇದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಹೇಳಲೇಬೇಕಾದ ಮಾತೆಂದರೆ, ದುಬಾರಿ ಗಿಟಾರಿಗೂ ಈ ಸೇವೆ ಅಷ್ಟೇ ಬೇಕಾಯಿತು.

ಆಮೇಲೆ ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಒಂದೇ ಆಂಪ್ಲಿಫೈಯರ್, ಒಂದೇ ಕೇಬಲ್, ಒಂದೇ ನಾಲ್ಕು ಸಾಲಿನ ರಾಗ. ಒಮ್ಮೆ ಇದು, ಒಮ್ಮೆ ಅದು ನುಡಿಸುತ್ತ ಹೋದೆ. ಕೆಲವು ಸಲ ಸರಿ ಹೇಳಿದರು, ಕೆಲವು ಸಲ ತಪ್ಪಿದರು. ಎರಡು ಸಲ ಸ್ಕ್ವಯರಿನ ದನಿ ಕೇಳಿ "ಇದೇ ಫೆಂಡರ್" ಎಂದು ಖಚಿತವಾಗಿ ಹೇಳಿದರು. ಆದರೆ ಒಂದು ಕಡೆ ಅವರು ಒಮ್ಮೆಯೂ ತಪ್ಪಲಿಲ್ಲ. ನಾನು ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ಐದಕ್ಕೆ ಇಳಿಸಿ ನುಡಿಸಿದಾಗ ಒಂದು ಗಿಟಾರಿನ ದನಿ ಚಿಕ್ಕದಾಗಿಯೂ ಹರಳಿನಂತೆ ಇತ್ತು, ಇನ್ನೊಂದರದು ಕಂಬಳಿ ಹೊದಿಸಿದಂತೆ ಮಂಕಾಯಿತು. ಹಾಡುವವರ ಹಿಂದೆ ತಗ್ಗಿ ನುಡಿಸುವುದೇ ಅವರ ವೃತ್ತಿ. ಪಲ್ಲವಿ ಮುಗಿದು ಚರಣ ಶುರುವಾದ ಕೂಡಲೇ ಕಿರುಬೆರಳು ತಾನಾಗಿಯೇ ಗುಂಡಿಗೆ ಹೋಗುತ್ತದೆ. ಅವರ ಕಿವಿ ಹಿಡಿದದ್ದು ನಿಜವಾದ ವ್ಯತ್ಯಾಸ.

ಅದರ ಕಾರಣ ಮರದಲ್ಲಿಲ್ಲ. ಗುಂಡಿ ಇಳಿಸಿದಾಗ ಅದರ ರೋಧವೂ ಉದ್ದದ ಕೇಬಲ್ಲಿನ ಗುಣವೂ ಸೇರಿ ಮೇಲಿನ ಚೂಪು ದನಿಗಳನ್ನೇ ಮೊದಲು ತಿಂದುಹಾಕುತ್ತವೆ. ಅಮೆರಿಕನ್ ಪ್ರೊಫೆಷನಲ್ 2ರಲ್ಲಿ ಆ ದನಿಗಳಿಗೆ ಬೇರೆ ದಾರಿ ಬಿಡುವ ಒಂದು ಪುಟ್ಟ ಜೋಡಣೆಯನ್ನು ಕಾರ್ಖಾನೆಯಲ್ಲೇ ಹಾಕಿರುತ್ತಾರೆ. ಫಲಕ ಎತ್ತಿ ಅದನ್ನು ತೋರಿಸಿದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ನಂತರ ಸ್ಕ್ವಯರಿನ ವಾಲ್ಯೂಮ್ ಗುಂಡಿಯ ಎರಡು ಕಾಲುಗಳ ನಡುವೆ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ತಾತ್ಕಾಲಿಕವಾಗಿ ಬೆಸೆದೆ. ಎರಡೂ ಸೇರಿ ಒಂದು ಚಹಾದ ಬೆಲೆ. ಮತ್ತೆ ಗೋಡೆಯ ಕಡೆ ಮುಖ ಮಾಡಿ ಕುಳಿತರು, ನಾನು ಗುಂಡಿ ಇಳಿಸಿ ನುಡಿಸಿದೆ. ಬಹಳ ಹೊತ್ತು ಯೋಚಿಸಿ, "ಈಗ ಹೇಳಲಾರೆ" ಎಂದರು.

ಇಲ್ಲಿಗೆ ಪ್ರಕರಣ ಮುಗಿಯಿತೆಂದು ನನಗೂ ಅನಿಸಿತ್ತು. ಮುಗಿದಿರಲಿಲ್ಲ. ಎರಡನ್ನೂ ಅವರ ಕೈಗೆ ಕೊಟ್ಟೆ. ಅಮೆರಿಕದ ಗಿಟಾರಿನ ಕುತ್ತಿಗೆಯ ಮೇಲೆ ಎಡಗೈ ಇಟ್ಟು ಮೇಲಿಂದ ಕೆಳಗೆ ಒಮ್ಮೆ ಜಾರಿಸಿದರು, ಇನ್ನೊಮ್ಮೆ ಜಾರಿಸಿದರು, ಸುಮ್ಮನಾದರು. ನುಡಿಸಲೂ ಇಲ್ಲ. ಕಿವಿಗೆ ಸಿಗದಿದ್ದ ವ್ಯತ್ಯಾಸ ಅಂಗೈಗೆ ಸಿಕ್ಕಿತ್ತು. ಆ ಮಾದರಿಯಲ್ಲಿ ಬೆರಳುಹಲಗೆಯ ಅಂಚನ್ನು ಕಾರ್ಖಾನೆಯಲ್ಲೇ ದುಂಡಗೆ ಮಾಡಿರುತ್ತಾರೆ, ಕುತ್ತಿಗೆಯ ಹಿಂಭಾಗಕ್ಕೆ ಹೊಳಪಿಲ್ಲದ ತೆಳು ಲೇಪ. ವರ್ಷಗಟ್ಟಲೆ ನುಡಿಸಿ ಸವೆದ ವಾದ್ಯದ ಅನುಭವ ಮೊದಲ ದಿನವೇ ಬರುತ್ತದೆ. ಸ್ಕ್ವಯರಿನ ಅಂಚು ಹೊಸ ಮರದ ಅಂಚು. ಜೊತೆಗೆ ಅದು ಫೆಬ್ರವರಿ ತಿಂಗಳು. ಬೆಂಗಳೂರಿನ ಒಣಹವೆಗೆ ಮರ ಅಡ್ಡಕ್ಕೆ ಕೂದಲೆಳೆಯಷ್ಟು ಕುಗ್ಗುತ್ತದೆ, ಲೋಹದ ಫ್ರೆಟ್ಟು ಕುಗ್ಗುವುದಿಲ್ಲ, ಹಾಗಾಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಗರಗಸದ ಹಲ್ಲಿನಂತೆ ತಾಗುತ್ತವೆ. ಯಾವ ದೇಶದ ಗಿಟಾರಿಗೂ ಇದು ತಪ್ಪಿದ್ದಲ್ಲ. ಮೂರೂವರೆ ಗಂಟೆ ನಿಂತು ನುಡಿಸುವವರಿಗೆ ಆ ಅಂಚು ಸಣ್ಣ ವಿಷಯವೂ ಅಲ್ಲ. ಎರಡು ಲಕ್ಷದ ಗಿಟಾರಿನಲ್ಲಿ ನಿಜವಾಗಿ ಬೆಲೆ ಬಾಳುವುದು ಯಾವುದು ಎಂದು ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಪಿಕಪ್ಪನ್ನಲ್ಲ, ಈ ಅಂಚನ್ನು. ಅದು ಕೈಕೆಲಸದ ಹೊತ್ತು. ಹೊತ್ತಿಗೆ ಕ್ಯಾಲಿಫೋರ್ನಿಯಾದ ಕರೋನಾ ಊರಿನಲ್ಲಿ ಒಂದು ಬೆಲೆ, ಏಷ್ಯಾದ ಕಾರ್ಖಾನೆಗಳಲ್ಲಿ ಇನ್ನೊಂದು ಬೆಲೆ.

ಅಂಚಿನ ಮಾತು ಬಂದಾಗ ಮರದ ಮಾತೂ ಬಂತು. ದುಬಾರಿ ಗಿಟಾರಿನ ಬೆರಳುಹಲಗೆ ರೋಸ್‌ವುಡ್, ಅಗ್ಗದ್ದರಲ್ಲಿ ಇಂಡಿಯನ್ ಲಾರೆಲ್ ಎಂದು ಪೆಟ್ಟಿಗೆಯ ಮೇಲಿನ ವಿವರದಲ್ಲಿ ಓದಿ ಅವರು ಎರಡನೆಯದು ಏನೋ ಕೃತಕ ವಸ್ತು ಎಂದು ತಿಳಿದಿದ್ದರು. ಲಾರೆಲ್ ಎಂದರೆ ನಮ್ಮ ಮತ್ತಿ ಮರ! ಮೊಸಳೆಯ ಬೆನ್ನಿನಂತೆ ಸೀಳು ಸೀಳಾದ ತೊಗಟೆಯ, ಮಲೆನಾಡಿನ ಹಳೆಯ ಮನೆಗಳಿಗೆ ತೊಲೆಯಾಗಿ ಹೋದ ಅದೇ ಮತ್ತಿ. ಭಾರತೀಯ ರೋಸ್‌ವುಡ್ ಎಂದರೆ ಬೀಟೆ. ಎರಡೂ ಪಶ್ಚಿಮಘಟ್ಟದ ಮರಗಳೇ. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಗಿಟಾರ್ ಲೋಕ ಬೀಟೆಯ ಕಡೆ ತಿರುಗಿತು. 2017ರ ಜನವರಿಯಲ್ಲಿ ಆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಪಾಯದಲ್ಲಿರುವ ಮರ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಪರವಾನಗಿ ಬೇಕಾಯಿತು, 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ನಡುವೆ ಅಗ್ಗದ ಸಾಲಿನ ಎಷ್ಟೋ ಗಿಟಾರುಗಳಿಗೆ ಲಾರೆಲ್ ಬಂದು ಕುಳಿತುಬಿಟ್ಟಿತು. ನನ್ನ ತಂದೆ ಬಡಗಿ. ಮತ್ತಿ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಬೀಟೆಯ ಎಣ್ಣೆಗುಣ ಅದಕ್ಕಿಲ್ಲ, ಒಣಗಿದಾಗ ಸ್ವಲ್ಪ ಪೆಚ್ಚಾಗಿ ಕಾಣುತ್ತದೆ. ಆದರೆ ಗಟ್ಟಿ ಮರ. ಬೆರಳುಹಲಗೆಗೆ ಬೇಕಾದ ಮೊದಲ ಗುಣವೇ ಅದು. ಇದನ್ನು ಕೇಳಿದ ಮೇಲೆ ಅವರು ಆ ಹಲಗೆಯನ್ನು ನೋಡಿದ ರೀತಿಯೇ ಬದಲಾಯಿತು. ಅವರ ಅಜ್ಜನ ಮನೆಯ ಅಟ್ಟದ ತೊಲೆಗಳು ಮತ್ತಿಯವು.

ನಂತರ ಅವರ ಗಿಟಾರ್ ಬದುಕುವ ಬದುಕಿನ ಬಗ್ಗೆ ವಿವರವಾಗಿ ಕೇಳಿದೆ. ಟೆಂಪೊದಲ್ಲಿ ಸ್ಪೀಕರ್ ಪೆಟ್ಟಿಗೆಗಳ ಜೊತೆ ಪ್ರಯಾಣ. ಜಾತ್ರೆಯ ಬಯಲಿನ ಧೂಳು. ರಾತ್ರಿ ಎರಡಕ್ಕೆ ತಂತಿಯ ಮೇಲೆ ಇಬ್ಬನಿ. ಇವತ್ತು ಕರಾವಳಿಯ ಬೆವರು, ನಾಳೆ ಚಿತ್ರದುರ್ಗದ ಒಣಗಾಳಿ. ಜನರೇಟರಿನ ವಿದ್ಯುತ್ತು, ಅನೇಕ ಕಡೆ ಅರ್ಥಿಂಗ್ ಇರುವುದೇ ಇಲ್ಲ. ಸ್ಟ್ರಾಟೋಕ್ಯಾಸ್ಟರಿನಂಥ ಒಂಟಿ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೆಲ್ಲ ಹೀರಿಕೊಳ್ಳುತ್ತದೆ, ಎಂಟು ಸಾವಿರದ ಆಸುಪಾಸು ಸುತ್ತಿನ ಆ ತೆಳು ತಾಮ್ರದ ತಂತಿ ಆಂಟೆನಾ ಇದ್ದ ಹಾಗೆ. ಎರಡು ಲಕ್ಷದ ಗಿಟಾರೂ ಹೀರುತ್ತದೆ, ಐವತ್ತು ಸಾವಿರದ್ದೂ ಹೀರುತ್ತದೆ. ಒಳಗೆ ತಾಮ್ರದ ಹಾಳೆ ಹೊದಿಸಿದರೆ ಲೈಟುಗಳ ಡಿಮ್ಮರಿನಿಂದ ಬರುವ ಚರಚರ ಕಡಿಮೆಯಾಗುತ್ತದೆ. ಹತ್ತಿರದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಜ್ ಗುಂಯ್ ಹೋಗುವುದಿಲ್ಲ, ಅದಕ್ಕೆ ನಿಲ್ಲುವ ದಿಕ್ಕು ಬದಲಿಸಬೇಕಷ್ಟೇ. ಅರ್ಥಿಂಗ್ ಇಲ್ಲದ ವೇದಿಕೆಯಲ್ಲಿ ತಂತಿ ಹಿಡಿದ ಕೈ, ಮೈಕಿಗೆ ತಾಗಿದ ತುಟಿ ಎರಡೂ ಸೇರಿದರೆ ಆಘಾತವಾಗುತ್ತದೆ. ಇದು ಜೀವದ ಪ್ರಶ್ನೆ. ಯಾವ ಗಿಟಾರ್ ಕೊಂಡರೂ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೇ ಎಂದು ತೋರಿಸುವ ಪುಟ್ಟ ಪರೀಕ್ಷಕವೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಲೇಬೇಕೆಂದು ಒತ್ತಾಯಿಸಿದೆ.

ಗಿಟಾರಿನ ದನಿಯನ್ನು ಬದಲಿಸಲು ಅವರು ಬಳಸುತ್ತಿದ್ದ ಹಳೆಯ ಎಫೆಕ್ಟ್ ಪ್ರೊಸೆಸರನ್ನೂ ತರಿಸಿ ನೋಡಿದೆ. ತಂಡದ ಗಿಟಾರ್ ದನಿ ಆಂಪ್ಲಿಫೈಯರಿನಿಂದ ಜನರಿಗೆ ತಲುಪುವುದಿಲ್ಲ, ಈ ಪೆಟ್ಟಿಗೆಯಿಂದ ನೇರ ಮಿಕ್ಸರಿಗೆ, ಅಲ್ಲಿಂದ ದೊಡ್ಡ ಸ್ಪೀಕರುಗಳಿಗೆ. ಎರಡು ಗಿಟಾರುಗಳನ್ನೂ ಅದಕ್ಕೆ ಜೋಡಿಸಿ ನುಡಿಸಿದೆವು. ಎರಡೂ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿದವು. ಅಮೆರಿಕದ ಗಿಟಾರಿಗೂ ಆ ಪೆಟ್ಟಿಗೆಯಿಂದ ಬಿಡುಗಡೆ ಇರಲಿಲ್ಲ. ಆಗ ಅವರ ಮುಖದಲ್ಲಿ ಕಂಡ ಬದಲಾವಣೆಯನ್ನು ನಾನು ಮರೆತಿಲ್ಲ, ಹನ್ನೊಂದು ವರ್ಷ ಗಿಟಾರಿನದೆಂದು ತಿಳಿದುಕೊಂಡಿದ್ದ ಕೊರತೆ ಗಿಟಾರಿನದಾಗಿರಲಿಲ್ಲ.

ನನ್ನ ಸಲಹೆಯನ್ನು ಸ್ಪಷ್ಟವಾಗಿ ಹೇಳಿದೆ: ಸ್ಕ್ವಯರ್ ಕೊಳ್ಳಿ, ಅದರ ಮೇಲೆ ಕೆಲಸ ಮಾಡಿಸಿ, ಪ್ರೊಸೆಸರ್ ಬದಲಿಸಿ. ಎಲ್ಲರಿಗೂ ನಾನು ಇದೇ ಮಾತು ಹೇಳುವವನಲ್ಲ. ಆ ಅಮೆರಿಕದ ಗಿಟಾರಿನ ಒಡೆಯರು ಮನೆಯಲ್ಲೇ ನುಡಿಸುವವರು, ಇಪ್ಪತ್ತು ವರ್ಷ ಅದನ್ನೇ ಕನಸು ಕಂಡವರು, ಕೊಂಡಾಗ ಮನೆಯ ಯಾವ ಖರ್ಚೂ ನಿಲ್ಲಲಿಲ್ಲ. ಅವರಿಗೆ ನಾನೇ ಕೊಳ್ಳಲು ಹೇಳಿದ್ದೆ. ಮುಂದೆ ಮಾರಬೇಕಾಗಬಹುದು ಎನ್ನುವವರಿಗೂ ಮೂಲದ್ದೇ ಸರಿ. ಹಳೆಯದಾದ ಅಮೆರಿಕದ ಗಿಟಾರಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಸ್ಕ್ವಯರಿನ ಮೇಲೆ ಮಾಡಿಸಿದ ಕೈಕೆಲಸದ ಬೆಲೆ ಮಾರುವಾಗ ಹಿಂತಿರುಗಿ ಬರುವುದಿಲ್ಲ, ಅದು ನುಡಿಸುವವರಿಗಷ್ಟೇ ಸಿಗುವ ಲಾಭ. ಇದನ್ನೂ ಅವರಿಗೆ ಮುಚ್ಚಿಡದೆ ಹೇಳಿದೆ. "ನಾನು ಮಾರುವುದಿಲ್ಲ" ಎಂದರು.

ಕೆಲಸಕ್ಕೆ ಮೂರು ಸಂಜೆ ಹಿಡಿಯಿತು. ಮೊದಲ ಸಂಜೆ ಫ್ರೆಟ್ ತುದಿಗಳು. 21 ಫ್ರೆಟ್ಟು, ಎರಡೆರಡು ತುದಿ, ನಲವತ್ತೆರಡು ಸಲ ಸಣ್ಣ ಅರದಲ್ಲಿ ಉಜ್ಜಿ ಅಕ್ಕಿಯ ಮೂತಿಯಂತೆ ದುಂಡಗೆ ಮಾಡಿದೆ. ಎರಡನೆಯ ಸಂಜೆ ಹಲಗೆಯ ಅಂಚು. ನುಣುಪಾದ ಉಕ್ಕಿನ ಕಂಬಿಯನ್ನು ಓರೆಯಾಗಿ ಹಿಡಿದು ಎರಡು ಫ್ರೆಟ್ಟುಗಳ ನಡುವಿನ ಮರದಂಚನ್ನು ಒತ್ತಿ ಒತ್ತಿ ತೀಡಬೇಕು. ಮತ್ತಿ ಮೊದಲು ಹಟ ಮಾಡುತ್ತದೆ, ಆಮೇಲೆ ಒಮ್ಮೆಲೇ ಹೊಳಪು ಬಿಡುತ್ತದೆ. ಕೊನೆಗೆ ನಯವಾದ ಮರಳುಕಾಗದ, ಸ್ವಲ್ಪ ಎಣ್ಣೆ. ಕುತ್ತಿಗೆಯ ಹಿಂದಿನ ಹೊಳಪನ್ನೂ ಉಜ್ಜಿ ಮಂದ ಮಾಡಿದೆ. ಮೂರನೆಯ ಸಂಜೆ ಒಳಗಿನ ಕೆಲಸ: ತಾಮ್ರದ ಹಾಳೆ, ಗಟ್ಟಿಮುಟ್ಟಾದ ಸ್ವಿಚ್ಚು, ಕೇಬಲ್ ಸಿಕ್ಕಿಸುವ ಹೊಸ ಜಾಕು, ಆ ಪುಟ್ಟ ಕೆಪಾಸಿಟರನ್ನು ಶಾಶ್ವತವಾಗಿ ಬೆಸೆಯುವುದು. ಎಲ್ಲ ಸೇರಿ 9,000. ಟೆಂಪೊಗೆ ತಕ್ಕ ಗಟ್ಟಿ ಪೆಟ್ಟಿಗೆ 8,000. ಗಿಟಾರ್ ಸಹಿತ ಒಟ್ಟು 66,000, ಇಪ್ಪತ್ತೇಳು ರಾತ್ರಿಗೆ ಸ್ವಲ್ಪ ಕಡಿಮೆ. 45,000ಕ್ಕೆ ಹೊಸ ಪ್ರೊಸೆಸರ್ ಬಂತು. ಬ್ಯಾಂಕಿನಲ್ಲಿ 99,000 ಉಳಿಯಿತು, ಆ ವರ್ಷದ ಆಷಾಢಕ್ಕೆ ಸಾಲ ಮಾಡಬೇಕಾಗಲಿಲ್ಲ ಎಂದು ಆಮೇಲೆ ಹೇಳಿದರು.

ಕೈಗೆ ಕೊಟ್ಟ ದಿನ ಅವರು ನುಡಿಸುವ ಮೊದಲು ಎಡಗೈಯನ್ನು ಮೇಲಿಂದ ಕೆಳಗೆ ಜಾರಿಸಿದರು. ಇನ್ನೊಮ್ಮೆ ಜಾರಿಸಿದರು.

ಈಗ ಎರಡು ಹಂಗಾಮು ಕಳೆದಿವೆ. ಪ್ರತಿ ಗಣೇಶನ ಹಬ್ಬಕ್ಕೆ ಮುಂಚೆ ಗಿಟಾರ್ ನನ್ನ ಬೆಂಚಿಗೆ ಬರುತ್ತದೆ. ಎರಡನೆಯ ತಂತಿಯ ಕೆಳಗೆ, ಮೊದಲ ಐದು ಫ್ರೆಟ್ಟುಗಳಲ್ಲಿ ಸಣ್ಣ ಗುಳಿಗಳು ಬಿದ್ದಿವೆ, ಕಳೆದ ಬಾರಿ ಒಮ್ಮೆ ಸಮ ಮಾಡಿದೆ. ಇನ್ನೊಂದೆರಡು ಸಲ ಮಾಡಬಹುದು, ಆಮೇಲೆ ಹೊಸ ಫ್ರೆಟ್ಟು ಹೊಡೆಯಬೇಕು. ಬೆವರಿಗೂ ಎಣ್ಣೆಗೂ ಮತ್ತಿಯ ಬಣ್ಣ ಗಾಢವಾಗಿದೆ. 1950ರ ದಶಕದಲ್ಲಿ ಫುಲರ್ಟನ್ನಿನ ಕೆಲಸಗಾರರು ಕುತ್ತಿಗೆ ಸಿದ್ಧವಾದ ತಾರೀಖನ್ನು ಅದರ ಬುಡದಲ್ಲಿ, ಒಡಲೊಳಗೆ ಮುಚ್ಚಿಹೋಗುವ ಜಾಗದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು, ಕೆಲವರು ಹೆಸರಿನ ಮೊದಲಕ್ಷರವನ್ನೂ ಸೇರಿಸುತ್ತಿದ್ದರು. ನಾನೂ ಪ್ರತಿ ಸಲ ಆ ನಾಲ್ಕು ತಿರುಪುಮೊಳೆ ಬಿಚ್ಚಿದಾಗ ಅಲ್ಲೇ ತಾರೀಖು ಬರೆಯುತ್ತೇನೆ. ಇವರ ಗಿಟಾರಿನಲ್ಲಿ ಈಗ ಮೂರು ಸಾಲುಗಳಿವೆ, ಕೆಳಗೆ ಇನ್ನೂ ಜಾಗವಿದೆ.